ಡೇರಿಯ ವಾಟ್ಸಾಪ್ ಗುಂಪು ಯಾರಿಗಾಗಿ?



ನನ್ನ ಫೋನಿನಲ್ಲಿ ಈಗ 23 ಡೇರಿಗಳ ವಾಟ್ಸಾಪ್ ಗುಂಪುಗಳಿವೆ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಅವೂ ಎಚ್ಚರಗೊಳ್ಳುತ್ತವೆ. ದೇವರ ಫೋಟೋ, ಗುಲಾಬಿ ಹೂವಿನ ಮೇಲೆ 'ಶುಭೋದಯ', ಯಾರದೋ ಹುಟ್ಟುಹಬ್ಬ, ಯಾವುದೋ ಪಕ್ಷದ ಸಭೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಇವುಗಳ ನಡುವೆ ಒಂದು ಸಾಲು ಬಂದಿತ್ತು: "ಸಾರ್, ನಿನ್ನೆ ಕರು ಹಾಕಿದ ಹಸು ಏಳ್ತಿಲ್ಲ, ಕಿವಿ ತಣ್ಣಗಾಗಿದೆ." ಹಾಕಿದ್ದು ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ. ನಾನು ನೋಡಿದ್ದು ಮಧ್ಯಾಹ್ನ 12ಕ್ಕೆ. ಅಷ್ಟರಲ್ಲಿ ಅದರ ಮೇಲೆ ನಲವತ್ತಕ್ಕೂ ಹೆಚ್ಚು ಫೋಟೋಗಳು ಬಿದ್ದಿದ್ದವು.

ಕರು ಹಾಕಿದ ಒಂದೆರಡು ದಿನದಲ್ಲಿ ಹಸು ಹೀಗೆ ಮಲಗಿಬಿಟ್ಟರೆ ಅದು ಬಹುತೇಕ ಹಾಲು ಜ್ವರ. ಹೆಸರಿಗೆ ಜ್ವರವಾದರೂ ಮೈ ತಣ್ಣಗಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಬೇಗ ಹೋಗಿ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹಸು ನಮ್ಮ ಕಣ್ಣೆದುರೇ ಎದ್ದು ನಿಲ್ಲುವುದುಂಟು. ಆ ಹಸು ಉಳಿಯಲಿಲ್ಲ. 180 ಜನರಿದ್ದ ಗುಂಪಿನಿಂದ ಒಬ್ಬರೂ ನನಗೆ ಫೋನ್ ಮಾಡಲಿಲ್ಲ. ಕೆಟ್ಟವರೆಂದಲ್ಲ, ಯಾರೂ ಆ ಸಾಲನ್ನು ಓದಿರಲಿಲ್ಲ. ನಾನೂ ಆ ಗುಂಪಿನ ಸದ್ದು ಆರಿಸಿಟ್ಟಿದ್ದೆ.

ಹಾಗಾಗಿ ಈ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬದಲು ಗುಂಪಿಗೆ ಹಿಡಿದ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. 1976ರಲ್ಲಿ ಶ್ಯಾಮ್ ಬೆನಗಲ್ ಅವರು 'ಮಂಥನ್' ಎಂಬ ಹಿಂದಿ ಚಿತ್ರ ಮಾಡಿದರು. ಹಳ್ಳಿಯೊಂದಕ್ಕೆ ಬಂದು ಹಾಲಿನ ಸಂಘ ಕಟ್ಟಲು ಹೆಣಗುವ ಪಶುವೈದ್ಯನ ಕಥೆ. ಆ ಪಶುವೈದ್ಯನಾಗಿ ನಟಿಸಿದವರು ನಮ್ಮ ಗಿರೀಶ್ ಕಾರ್ನಾಡ್. (ನಮ್ಮ ವೃತ್ತಿಯವರನ್ನು ನಾಯಕನಾಗಿಸಿದ ಚಿತ್ರ ಬೇರೆ ಎಷ್ಟಿವೆಯೋ!) ಅದಕ್ಕೆ ದುಡ್ಡು ಹಾಕಿದವರು ಯಾವ ಸೇಠ್‌ಗಳೂ ಅಲ್ಲ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು, 10 ಲಕ್ಷವಾಯಿತು. ಚಿತ್ರ ಬಿಡುಗಡೆಯಾದಾಗ ಹಳ್ಳಿಹಳ್ಳಿಗಳಿಂದ ಲಾರಿ ಹತ್ತಿ ಬಂದು ನೋಡಿದರು. ಅದು ಅವರದೇ ಚಿತ್ರವಾಗಿತ್ತು. ಆಗ ಮೊಬೈಲ್ ಇರಲಿಲ್ಲ, ಎಷ್ಟೋ ಹಳ್ಳಿಗೆ ಕರೆಂಟೂ ಇರಲಿಲ್ಲ. ಆದರೂ ಸುದ್ದಿ ಮುಟ್ಟಿತು, ಜನ ಬಂದರು. ತಾನು 2 ರೂಪಾಯಿ ಹಾಕಿದ ಕೆಲಸ ಏನಾಯಿತು ಎಂದು ನೋಡುವ ಆಸೆ ಎಲ್ಲರಿಗೂ ಇರುತ್ತದೆ.

ನಿಮ್ಮ ಡೇರಿಯೂ ಹಾಗೆಯೇ. ಷೇರು ಕಟ್ಟಿದವರು ನೀವು, ಹಾಲು ಹಾಕುವವರು ನೀವು. ಆದರೆ ಬಹಳಷ್ಟು ಡೇರಿ ಗುಂಪುಗಳಲ್ಲಿ ಸದಸ್ಯರಿಗೆ ತಮ್ಮ ಡೇರಿಯ ಸಂಗತಿಯೊಂದೇ ಸಿಗುವುದಿಲ್ಲ, ಮಿಕ್ಕಿದ್ದೆಲ್ಲ ಸಿಗುತ್ತದೆ. ಬಟವಾಡೆ ಯಾವತ್ತು? ಪಶು ಆಹಾರ ಬಂತೇ? ಹೋದ ಮಹಾಸಭೆಯಲ್ಲಿ ಕಟ್ಟಡಕ್ಕೆ ಎತ್ತಿಟ್ಟ ಹಣದ ಕೆಲಸ ಎಲ್ಲಿಗೆ ಬಂತು? ಅಡಿಪಾಯದ ಒಂದು ಫೋಟೋ, ಗೋಡೆ ಎದ್ದಾಗ ಒಂದು ಫೋಟೋ, ಜೊತೆಗೆ ಖರ್ಚಾದ ಹಣದ ಒಂದು ಸಾಲು. ಗುಲಾಬಿ ಹೂವಿಗಿಂತ ಅದನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ.

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅದಕ್ಕಿಂತಲೂ ಮುಖ್ಯ. ಒಂದು ಕಡೆ ಸದಸ್ಯರೊಬ್ಬರು "ಹೋದ ವಾರ 4 ಇದ್ದ ಫ್ಯಾಟ್ ಈ ವಾರ 3.4 ಹೇಗಾಯ್ತು?" ಎಂದು ಗುಂಪಿನಲ್ಲಿ ಕೇಳಿದರು. ಅವರನ್ನು ಗುಂಪಿನಿಂದಲೇ ತೆಗೆದುಹಾಕಿದರು. ಮನುಷ್ಯ ಹೋದರು, ಪ್ರಶ್ನೆ ಹೋಗಲಿಲ್ಲ. ಅದು ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಿತು, ಅಲ್ಲಿ 'ಡೇರಿಯವರು ಫ್ಯಾಟ್ ತಿನ್ನುತ್ತಿದ್ದಾರೆ' ಎಂದಾಯಿತು. ಉತ್ತರ ಸರಳವಾಗಿತ್ತು. ಮಳೆ ಬಿದ್ದು ಎಳೆ ಹುಲ್ಲು ಬಂದಿತ್ತು, ಮನೆಯವರು ಒಣ ಹುಲ್ಲು ಹಾಕುವುದನ್ನು ನಿಲ್ಲಿಸಿದ್ದರು. ಹಸುವಿನ ಹೊಟ್ಟೆಗೆ ನಾರು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ. ಕಾರ್ಯದರ್ಶಿಗಳು ಇದನ್ನು ಬರೆದು, "ನಾಳೆ ಬೆಳಿಗ್ಗೆ ನಿಮ್ಮೆದುರೇ ಮತ್ತೊಮ್ಮೆ ಪರೀಕ್ಷೆ ಮಾಡೋಣ ಬನ್ನಿ" ಎಂದಿದ್ದರೆ ಇಡೀ ಊರಿಗೆ ಒಂದು ಪಾಠವಾಗುತ್ತಿತ್ತು.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು.

2022ರಲ್ಲಿ ಚರ್ಮಗಂಟು ರೋಗ ಬಂದದ್ದು ನಿಮಗೆಲ್ಲ ನೆನಪಿದೆ. ನಮ್ಮ ಭಾಗದಲ್ಲಿ ಶುರುವಾದಾಗ, ಜನ ಬೇಗ ಗುರುತಿಸಲಿ ಎಂದು ಮೈತುಂಬ ಗಂಟು ಎದ್ದ ಒಂದು ಹಸುವಿನ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ರೋಗಲಕ್ಷಣಗಳನ್ನು ಬರೆದೆ. ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡೆ. ಹಸುವಿನ ಹಿಂದೆ ಆ ಮನೆಯ ನೀಲಿ ಬಾಗಿಲು ಕಾಣುತ್ತಿತ್ತು. ಊರಿನಲ್ಲಿ ನೀಲಿ ಬಾಗಿಲು ಯಾರದೆಂದು ಮಕ್ಕಳಿಗೂ ಗೊತ್ತು. ಮರುದಿನದಿಂದ ಆ ಮನೆಯ ಬೇರೆ ಹಸುಗಳ ಹಾಲನ್ನೂ ಡೇರಿಯಲ್ಲಿ ಸುರಿಯಬಾರದೆಂದು ಸಾಲಿನಲ್ಲಿ ಗಲಾಟೆ. ವರ್ತನೆಗೆ ಹಾಲು ಕೊಳ್ಳುತ್ತಿದ್ದವರು ನಿಲ್ಲಿಸಿದರು. ನಾನು ಮತ್ತೆ ಹೋದಾಗ ಆ ಮನೆಯ ತಾಯಿ ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು, "ಔಷಧಿ ಕೊಡೋಕೆ ಬಂದೋರು ಅಂತ ಕೊಟ್ಟಿಗೆ ತೋರಿಸಿದ್ವಿ ಡಾಕ್ಟ್ರೇ, ನೀವು ಊರಿಗೇ ತೋರಿಸಿಬಿಟ್ರಿ" ಅಂದರು.

ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ತಿಳಿಯಿತು. ನಂತರದ ಹತ್ತು ದಿನ ಆ ಊರಿನಿಂದ ನನಗೆ ಒಂದು ಕರೆಯೂ ಬರಲಿಲ್ಲ. ರೋಗ ನಿಂತಿತೆಂದುಕೊಂಡೆ. ನಿಂತಿರಲಿಲ್ಲ, ಕೊಟ್ಟಿಗೆಯ ಹಿಂದಕ್ಕೆ ಹೋಗಿತ್ತು. ಜ್ವರ ಬಂದ ರಾಸುಗಳನ್ನು ಹಿತ್ತಲಲ್ಲಿ ಕಟ್ಟಿ ಗೋಣಿಚೀಲ ಹೊದಿಸಿದ್ದರು. ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಫೋಟೋ ಅಳಿಸಿದೆ, ಆದರೆ ಅದು ಅಷ್ಟರಲ್ಲಿ ಎಷ್ಟು ಗುಂಪು ದಾಟಿತ್ತೋ. ಆ ಮೇಲೆ ಅದೇ ಗುಂಪಿಗೆ ನನ್ನ ಧ್ವನಿಯಲ್ಲೇ ಒಂದು ಸಂದೇಶ ಕಳಿಸಿದೆ: ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಯಿಸಿದ ಹಾಲಿನಿಂದ ಭಯವಿಲ್ಲ. ರೋಗ ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ, ಆದ್ದರಿಂದ ಕಾಯಿಲೆಯ ರಾಸನ್ನು ಬೇರೆ ಕಟ್ಟಿ, ಕೊಟ್ಟಿಗೆಗೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಕಾಯಿಲೆ ಬಾರದ ರಾಸುಗಳಿಗೆ ಲಸಿಕೆ ಹಾಕುತ್ತೇವೆ. ಯಾರ ಮನೆಗೆ ಹೋದೆನೆಂದು ಯಾರಿಗೂ ಹೇಳುವುದಿಲ್ಲ. ಕೊನೆಯ ಮಾತು ಕೇಳಿದ ಮೇಲೆಯೇ ಕರೆಗಳು ಬರಲು ಶುರುವಾದವು.

ಈಗ ನಾನು ಒಪ್ಪಿಗೆ ಕೇಳದೆ ಯಾರ ರಾಸಿನ ಫೋಟೋವನ್ನೂ ಹಾಕುವುದಿಲ್ಲ. ಹಾಕಿದರೂ ಗಂಟು ಇರುವ ಜಾಗ ಮಾತ್ರ. ಮನೆ, ಮುಖ, ಕಿವಿಯೋಲೆಯ ಸಂಖ್ಯೆ ಯಾವುದೂ ಇರುವುದಿಲ್ಲ. ನೀವು ನನಗೊಬ್ಬನಿಗೇ ಕಳಿಸುವಾಗ ಮಾತ್ರ ಕಿವಿಯೋಲೆಯ 12 ಅಂಕಿಗಳೂ ಇರಲಿ, ರಾಸಿನ ಪೂರ್ತಿ ಮೈ, ಸಗಣಿ, ಕೆಚ್ಚಲು ಎಲ್ಲವೂ ಇರಲಿ. ಯಾರಿಗೆ ಎಷ್ಟು ಬಟವಾಡೆ ಆಯಿತೆಂಬ ಪಟ್ಟಿಯನ್ನು ಗುಂಪಿಗೆ ಹಾಕುವ ಅಭ್ಯಾಸ ಕೆಲವು ಡೇರಿಗಳಲ್ಲಿದೆ, ದಯವಿಟ್ಟು ಬಿಡಿ.

ಗಾಳಿಸುದ್ದಿಯ ವಿಷಯ. 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಎಂಬ ಗುರುತಿನೊಂದಿಗೆ ಬಂದ ಸಂದೇಶವನ್ನು ಬರೆದವರು ಯಾರೆಂದು ನಿಮಗೆ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಕಾಲುಬಾಯಿ ಲಸಿಕೆಯಿಂದ ಹಾಲು ಬತ್ತುತ್ತದೆ ಎಂಬುದು ಪ್ರತಿ ಸುತ್ತಿನಲ್ಲೂ ಬರುತ್ತದೆ. ಅದಕ್ಕೆ 'ಸುಳ್ಳು, ನಂಬಬೇಡಿ' ಎಂದಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ಅದರಲ್ಲಿ ಚೂರು ನಿಜವಿದೆ. ಲಸಿಕೆ ಹಾಕಿದ ಒಂದೆರಡು ದಿನ ಕೆಲವು ರಾಸುಗಳಿಗೆ ಮೈ ಬಿಸಿಯಾಗಿ ಹಾಲು ಸ್ವಲ್ಪ ಇಳಿಯುತ್ತದೆ, ಮತ್ತೆ ಬರುತ್ತದೆ. ರೋಗವೇ ಬಂದರೆ ಆ ಸೂಲಿನ ಹಾಲೇ ಹೋಗಬಹುದು. ಇಳಿಯುವುದನ್ನು ಮೊದಲೇ ಒಪ್ಪಿಕೊಂಡು ಹೇಳಿದರೆ ಜನ ಉಳಿದ ಮಾತನ್ನೂ ಕೇಳುತ್ತಾರೆ. ಇನ್ನು, ಪ್ರೋತ್ಸಾಹಧನ ಬಂದಿದೆ, ಈ ಲಿಂಕ್ ಒತ್ತಿ ಎಂದು ಬಂದರೆ ಒತ್ತಬೇಡಿ, ಓಟಿಪಿ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ ನನ್ನನ್ನು ಹೆಚ್ಚು ಕಾಡುವ ಸಂಗತಿ. ಹಾಲು ಹಿಂಡುವವರು, ಬೆದೆ ಗುರುತಿಸುವವರು, ಕರುವಿಗೆ ಗಿಣ್ಣು ಹಾಲು ಕುಡಿಸುವವರು ಬಹುತೇಕ ಮನೆಗಳಲ್ಲಿ ಹೆಣ್ಣುಮಕ್ಕಳು. ಗುಂಪಿನಲ್ಲಿರುವ ನಂಬರ್ ಮಾತ್ರ ಮನೆಯ ಯಜಮಾನನದೋ ಬೆಂಗಳೂರಿನಲ್ಲಿರುವ ಮಗನದೋ. ನಾನು 'ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ' ಎಂದು ಬರೆದರೆ ಅದನ್ನು ಪೀಣ್ಯದ ಫ್ಯಾಕ್ಟರಿಯಲ್ಲಿ ಕೂತ ಹುಡುಗ ಓದುತ್ತಾನೆ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುತ್ತದೆ. ಅಮ್ಮನ ಹತ್ತಿರ ಫೋನ್ ಇದ್ದರೆ ಅವರ ನಂಬರನ್ನೂ ಸೇರಿಸಿ. ಬರಹಕ್ಕಿಂತ ಒಂದೂವರೆ ನಿಮಿಷದ ಧ್ವನಿ ಸಂದೇಶ ವಾಸಿ, ಕೆಲಸ ಮಾಡುತ್ತಲೇ ಕೇಳಬಹುದು. ಫೋನೇ ಇಲ್ಲದವರಿಗೆ ಡೇರಿಯ ಕಪ್ಪು ಹಲಗೆ ಇದ್ದೇ ಇದೆ, ಗುಂಪು ಬಂತೆಂದು ಅದನ್ನು ಮೂಲೆಗೆ ಸೇರಿಸಬೇಡಿ. ಹಾಲು ಹಾಕಲು ಬಂದವರಿಗೆ ಬಾಯಲ್ಲೂ ಹೇಳಿ.

ಕಾರ್ಯದರ್ಶಿಗಳಲ್ಲಿ ಒಂದು ಕೋರಿಕೆ. ಸೂಚನೆಗೆಂದೇ ಒಂದು ಗುಂಪು ಮಾಡಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡಿ. ದಿನಕ್ಕೆ ಒಂದು ಸಂದೇಶ ಸಾಕು, ಏನೂ ಇಲ್ಲದ ದಿನ ಅದೂ ಬೇಡ. ಪ್ರಶ್ನೆ, ಹರಟೆ, ಶುಭೋದಯಕ್ಕೆ ಹಳೆಯ ಗುಂಪು ಇರಲಿ, ಅಲ್ಲಿ ಕೇಳಿದ್ದಕ್ಕೆ ಸಂಜೆಯ ಹಾಲು ಮುಗಿಯುವುದರೊಳಗೆ ಉತ್ತರ ಹಾಕಿ. ಮುಂದಿನ ಕಾಲುಬಾಯಿ ಲಸಿಕೆ ಸುತ್ತಿಗೆ ಮೂರು ದಿನ ಮೊದಲು ನಾನೊಂದು ಧ್ವನಿ ಸಂದೇಶ ಕಳಿಸುತ್ತೇನೆ, ಅದನ್ನು ಸೂಚನೆಯ ಗುಂಪಿಗೆ ಹಾಕಿ, ಯಾವ ಬೀದಿಗೆ ಯಾವ ಹೊತ್ತಿಗೆ ಬರುತ್ತೇವೆಂದು ಹಲಗೆಯ ಮೇಲೂ ಬರೆಯಿರಿ.

ಎರಡೂ ಗುಂಪುಗಳ ಮೇಲ್ಭಾಗದಲ್ಲಿ ಈ ಸಾಲು ಅಂಟಿಸಿಡಿ: ರಾಸು ಮಲಗಿದರೆ, ಹೊಟ್ಟೆ ಉಬ್ಬರಿಸಿದರೆ, ಕರು ಹಾಕಲು ಕಷ್ಟಪಟ್ಟರೆ ಸಂದೇಶ ಹಾಕಿ ಕಾಯಬೇಡಿ. ನನಗೆ ಫೋನ್ ಮಾಡಿ, ನಾನು ಎತ್ತದಿದ್ದರೆ 1962ಕ್ಕೆ ಮಾಡಿ.