ಉದ್ರಿ ವಹಿಗೆ, ಚೀಟಿ ಫೋನಿಗೆ

ಮನೆಯ ಲೆಕ್ಕಕ್ಕೆ ವಹಿ ಬೇಕೋ ಫೋನು ಬೇಕೋ ಎಂಬುದು ಅದು ಯಾವ ಲೆಕ್ಕ ಎಂಬುದರ ಮೇಲೆ ನಿಂತಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಭಾಗದ ಒಕ್ಕಲು ಮನೆಗಳಲ್ಲಿ ಬೀಜ-ಗೊಬ್ಬರದ ಉದ್ರಿ, ಆಳಿನ ಪಗಾರ, ದಲಾಲಿ ಅಂಗಡಿಯ ಪಟ್ಟಿ, ಸೊಸೈಟಿ ಸಾಲದ ಕಂತು ಕೂಡಿಬರುತ್ತವೆ. ರಾಮದುರ್ಗದ ನೇಕಾರರಿಗೆ ನೂಲಿನ ತೂಕ, ಮಜೂರಿಯ ಲೆಕ್ಕ.

ಪರರೊಂದಿಗಿನ ಕೊಡು-ಕೊಳ್ಳುವಿಕೆಗೆ ವಹಿಯೇ ಮೇಲು. ಇಬ್ಬರೂ ಎದುರು ಕುಳಿತು ನೋಡಬಹುದು, ಓದಿದ ಮಗ ಊರಲ್ಲಿಲ್ಲದಾಗಲೂ ಅಜ್ಜ ತೆರೆಯಬಹುದು. ಅಂಗಡಿಕಾರರ ಹಳೆಯ ಕ್ರಮ ಇಂದಿಗೂ ಸರಿ: ದಿನದ ವ್ಯವಹಾರ ಮೊದಲು ಕೀರ್ದಿಗೆ, ಬಳಿಕ ಹೆಸರುವಾರು ಖಾತೆಗೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಕ್ರಮವಾಗಿ ಇಟ್ಟ ವ್ಯಾಪಾರದ ಲೆಕ್ಕಪುಸ್ತಕವನ್ನು, ಅದು ಕಾಗದದ್ದಿರಲಿ ವಿದ್ಯುನ್ಮಾನದ್ದಿರಲಿ, ಸಾಕ್ಷ್ಯವಾಗಿ ಪರಿಗಣಿಸುತ್ತದೆ. ಆದರೆ ಅದೊಂದರಿಂದಲೇ ಯಾರ ಮೇಲೂ ಬಾಕಿ ಹೊರಿಸಲಾಗದು. ಆದ್ದರಿಂದ ಸಹಿ, ರಸೀದಿ ಜೊತೆಗಿರಲೇಬೇಕು.

ಯಂತ್ರದಿಂದ ಬರುವ ನುಣುಪು ಕಾಗದದ ಚೀಟಿಗಳ ಅಕ್ಷರ ಬಿಸಿಲು-ಸೆಕೆಗೆ ಮಾಸುತ್ತದೆ. ಬಂದ ದಿನವೇ ಫೋಟೊ ತೆಗೆದು, ಮೊತ್ತವನ್ನಷ್ಟೇ ವಹಿಗೆ ಇಳಿಸಬೇಕು. ಕಂತಿನ ತಾರೀಖು ನೆನಪಿಸಲು ಫೋನಿನ ಅಲಾರಾಂ ಸಾಕು. ಪಹಣಿಯಂತೂ ‘ಭೂಮಿ’ ಯೋಜನೆಯಲ್ಲಿ ಗಣಕೀಕರಣಗೊಂಡು ಎರಡು ದಶಕ ಕಳೆದಿವೆ, ಗಂಟಿನಲ್ಲಿನ ಹಳೆಯ ಪ್ರತಿಗಿಂತ ಹೊಸದಾಗಿ ತೆಗೆಸಿದ್ದೇ ಕೆಲಸಕ್ಕೆ ಬರುತ್ತದೆ.

ಎಲ್ಲವನ್ನೂ ಎರಡೂ ಕಡೆ ಬರೆಯುವ ಹಟ ಮಾತ್ರ ಬೇಡ; ಬೇಸತ್ತು ಎರಡೂ ನಿಲ್ಲುತ್ತವೆ. ಪ್ರತಿ ಅಮಾವಾಸ್ಯೆಗೆ ವಹಿಯ ಹೊಸ ಪುಟಗಳ ಫೋಟೊ ತೆಗೆದು, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಟ್ಟರೆ ಸಾಕು.