ಸಿಟ್ಟಿನ ಬೇರು ಎಲ್ಲಿದೆ?

ಮುಂಡರಗಿ

ಪ್ರೀತಿಯ ಅಳಿಯನಿಗೆ,

ಹಾಸ್ಟೆಲ್ಲಿನ ಗೆಳೆಯ ತಾನು ಸಲಿಂಗಿ ಎಂದು ಹೇಳಿಕೊಂಡದ್ದೇ ತಡ, ಉಳಿದವರು ಅವನನ್ನು ಕಾಡತೊಡಗಿದ್ದಾರೆ ಎಂದು ಬರೆದಿದ್ದೀಯ. ‘ಅವ ಇವರಿಗೇನು ಮಾಡ್ಯಾನ ಮಾವ, ಯಾಕಿಷ್ಟು ಸಿಟ್ಟು?’ ಎಂದು ಕೇಳಿದ್ದೀಯ.

ತಮ್ಮಾ, ಆ ಸಿಟ್ಟಿನ ಬೇರು ನಿನ್ನ ಗೆಳೆಯನಲ್ಲಿಲ್ಲ, ಸಿಟ್ಟಾದವರಲ್ಲಿದೆ. ಮನಶ್ಶಾಸ್ತ್ರಜ್ಞರು ಅದರ ಹಿಂದೆ ಮುಖ್ಯವಾಗಿ ಎರಡು ಮನೋಭಾವ ಗುರುತಿಸಿದ್ದಾರೆ. ಕೆನಡಾದ ಬಾಬ್ ಆಲ್ಟ್‌ಮೇಯರ್ 1981ರಲ್ಲಿ ವಿವರಿಸಿದ್ದು ಒಂದು: ಅಧಿಕಾರಕ್ಕೆ ಪ್ರಶ್ನೆಯಿಲ್ಲದೆ ತಲೆಬಾಗುವುದು, ರೂಢಿ ಮೀರಿದವರಿಗೆ ಶಿಕ್ಷೆಯಾಗಲಿ ಎನ್ನುವುದು. ಇಂಥವರಿಗೆ ಹೊಸದೆಲ್ಲ ಅಪಾಯವಾಗಿಯೇ ಕಾಣುತ್ತದೆ. ಜಿಮ್ ಸಿಡಾನಿಯಸ್, ಫೆಲಿಶಿಯಾ ಪ್ರಾಟೊ ಹೇಳಿದ್ದು ಇನ್ನೊಂದು: ಸಮಾಜದಲ್ಲಿ ಕೆಲವರು ಮೇಲೆ, ಕೆಲವರು ಕೆಳಗೆ ಇರಲೇಬೇಕೆಂಬ ನಂಬಿಕೆ. ಜಾತಿಯ ಊರಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವೆರಡರ ಜೊತೆ ಗಂಡಸುತನದ ಅಂಜಿಕೆಯೂ ಸೇರುತ್ತದೆ. ಲಕ್ಷ್ಮೇಶ್ವರದ ಚಹಾದಂಗಡಿಯೊಂದರಲ್ಲಿ ಹುಡುಗನೊಬ್ಬನ ನಡಿಗೆ ನೋಡಿ ಯಾರೋ ‘ಹೆಣ್ಣಿಗ’ ಎಂದರು. ಪಕ್ಕದ ತರುಣ ಕೂಡಲೇ ನಗಲಿಲ್ಲ. ಉಳಿದವರ ಮುಖ ನೋಡಿದ, ಅವರು ನಕ್ಕ ಮೇಲೆ ತಾನೂ ನಕ್ಕ. ನಗದಿದ್ದರೆ ತನ್ನ ಮೇಲೆಯೇ ಸಂಶಯ ಬಂದೀತಲ್ಲ! ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಆಡಿಕೊಳ್ಳುವಷ್ಟಕ್ಕೂ ಬಿಡುವುದಿಲ್ಲ. ಅವಸರದಲ್ಲೊಂದು ಮದುವೆ ಮಾಡಿ ಬಾಯಿ ಮುಚ್ಚಿಸುತ್ತಾರೆ.

ಸಲಿಂಗಪ್ರೇಮ ಪರದೇಶದ ಗೀಳು ಎಂದು ಯಾರಾದರೂ ವಾದಿಸಿದರೆ, ಅದನ್ನು ಅಪರಾಧವಾಗಿಸಿದ, ದಂಡ ಸಂಹಿತೆಯ 377ನೇ ಕಲಂ 1860ರಲ್ಲಿ ಬ್ರಿಟಿಷರು ತಂದದ್ದು ಎಂದು ಹೇಳು. ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ರೋಗ ಎನ್ನುವವರಿಗೆ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದದ್ದನ್ನು ತಿಳಿಸು.

ಇಂಥ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಬಹುಮಟ್ಟಿಗೆ ಕಲಿತದ್ದು. ಕಲಿತದ್ದನ್ನು ಬಿಡಲೂ ಬರುತ್ತದೆ. ಸಮಾನರಾಗಿ ಒಡನಾಡಿದರೆ ಪೂರ್ವಗ್ರಹ ಕರಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು. ಹಿಂದೂ ಮುಸ್ಲಿಮರಿಬ್ಬರೂ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಸೀಮೆಯವರು ನಾವು. ನಮಗಿದು ಹೊಸ ಮಾತಲ್ಲ. ಓದಿನಲ್ಲೂ ಇಂಥ ಒಡನಾಟ ಸಾಧ್ಯ. ಸಂಡೂರು ಸೀಮೆಯ ಲೇಖಕ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು. ತಾವು ಸಲಿಂಗಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆ ಪುಸ್ತಕ ಓದು, ಹಾಸ್ಟೆಲ್ಲಿನವರಿಗೂ ಓದಲು ಕೊಡು.

ಗುಂಪಿನ ಮುಖ ನೋಡಿ ನಗುವವರು ನಿನ್ನ ಮುಖವನ್ನೂ ನೋಡುತ್ತಾರೆ. ಅವರು ನಕ್ಕಾಗ ನೀನು ನಗಬೇಡ. ದಸರಾ ರಜೆಗೆ ನಿನ್ನ ಗೆಳೆಯನನ್ನೂ ನಮ್ಮ ಮನೆಗೆ ಕರೆದುಕೊಂಡು ಬಾ.

ಇತಿ ನಿನ್ನ ಸೋದರಮಾವ