ಕಿಡಿ ಎಲ್ಲಿ ನಿಂತಿತು? ಹಳೆಯ ಜೆಟ್ ಸ್ಕೀಯಲ್ಲಿ ದೋಷಪತ್ತೆ

ಪೂರ್ವಜ್ಞಾನ: ವಿದ್ಯುನ್ಮಂಡಲ, ವೋಲ್ಟೇಜ್, ಸ್ವಿಚ್.

ಸಮಸ್ಯೆ: ಸಿಡಿಐ ಇಗ್ನಿಷನ್ನಿನ ಹಳೆಯ ಟೂ ಸ್ಟ್ರೋಕ್ ಜೆಟ್ ಸ್ಕೀ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹೊತ್ತುವುದಿಲ್ಲ. ‘ಸಿಡಿಐ ಬದಲಿಸೋಣ’ ಎನ್ನುವ ವಿದ್ಯಾರ್ಥಿಗೆ ಮೊದಲು ಅಳೆಯಲು ಕಲಿಸುವುದು ಪಾಠದ ಉದ್ದೇಶ.

ಹಂತಗಳು:

1. ಸೀಟು ತೆಗೆದು ಒಳಗಿನ ಪೆಟ್ರೋಲ್ ಆವಿ ಪೂರ್ತಿ ಹೊರಹೋಗಲು ಬಿಡಿ. ಆವಿಯಿದ್ದರೆ ಒಂದು ಕಿಡಿಗೇ ಬೆಂಕಿ ಹೊತ್ತಬಹುದು.

2. ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ಸರಿಪಡಿಸಿ.

3. ಎಂಜಿನ್ನಿನ ಪ್ಲಗ್‌ಗಳನ್ನು ಕಳಚದೆ, ಕ್ಯಾಪ್‌ಗಳನ್ನು ಬೇರೆ ಪ್ಲಗ್‌ಗಳಿಗೆ ಹಾಕಿ, ಅವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಡಿ ನೋಡಿ. ಇದನ್ನು ಶಿಕ್ಷಕರೇ ಮಾಡಬೇಕು.

4. ಕಿಡಿಯಿಲ್ಲದಿದ್ದರೆ ಸ್ಟಾಪ್ ಸ್ವಿಚ್ಚಿನ ತಂತಿಗಳನ್ನು ಬೇರ್ಪಡಿಸಿ ಮತ್ತೆ ನೋಡಿ. ಈಗ ಕಿಡಿ ಬಂದರೆ ಸಿಡಿಐ ಸರಿಯಿದೆ, ದೋಷ ಸ್ವಿಚ್ಚಿನಲ್ಲಿದೆ.

ಪಾಠದ ತಿರುಳು ನಾಲ್ಕನೆಯ ಹಂತ. ಮನೆಯ ದೀಪದ ಸ್ವಿಚ್ ಮಂಡಲವನ್ನು ಕಡಿದು ದೀಪ ಆರಿಸುತ್ತದೆ. ಇಂಥ ಹಲವು ಮಾದರಿಗಳಲ್ಲಿ ಸ್ಟಾಪ್ ಸ್ವಿಚ್ ಇಗ್ನಿಷನ್ನನ್ನು ಅರ್ತ್‌ಗೆ ಜೋಡಿಸಿ ಎಂಜಿನ್ ನಿಲ್ಲಿಸುತ್ತದೆ. ಒಳಗೆ ಉಪ್ಪುನೀರು ಸೇರಿದರೆ ಯಾರೂ ಒತ್ತದಿದ್ದರೂ ಅದು ‘ಒತ್ತಿದಂತೆ’ ಇರುತ್ತದೆ.

ಮೌಲ್ಯಮಾಪನ: ‘ತಂತಿ ಬೇರ್ಪಡಿಸಿದಾಗ ಕಿಡಿ ಬಂದದ್ದೇಕೆ?’ ಚಿತ್ರ ಬರೆದು ವಿವರಿಸಲಿ. ಪ್ರಶಿಕ್ಷಣಾರ್ಥಿ ಉತ್ತರವನ್ನು ತಾನೇ ಹೇಳಿಬಿಡದೆ ಕಾಯುತ್ತಾರೆಯೇ ಎಂಬುದನ್ನು ವೀಕ್ಷಕರು ಗಮನಿಸಲಿ.

ಎಚ್ಚರಿಕೆ: ಪರೀಕ್ಷೆಯ ನಂತರ ಸ್ವಿಚ್ ಸರಿಪಡಿಸಿ ಮರುಜೋಡಿಸಿ. ಸವಾರ ನೀರಿಗೆ ಬಿದ್ದಾಗ ಯಂತ್ರವನ್ನು ನಿಲ್ಲಿಸುವುದು ಅದೇ.